ಕುಣಿತಕ್ಕೊಂದು ಕಡಿವಾಣ: ಷಾಕ್ ಅಬ್ಸಾರ್ಬರ್

ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯ ನಡುವೆ ನಮ್ಮ ಯಾವುದೇ ಊರಿನ ಶಾಲೆಯ ಗೇಟಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಒಂದರ ಹಿಂದೆ ಒಂದರಂತೆ ವ್ಯಾನುಗಳು ಬಂದು ನಿಲ್ಲುತ್ತವೆ. ಬಾಗಿಲು ಸರಿದ ಕೂಡಲೇ ಬ್ಯಾಗು, ನೀರಿನ ಬಾಟಲಿ, ಊಟದ ಡಬ್ಬಿಗಳ ಸಮೇತ ಮಕ್ಕಳು ಇಳಿಯುತ್ತಾರೆ; ಇಳಿಯುತ್ತಲೇ ಇರುತ್ತಾರೆ. ಇಷ್ಟು ಮಂದಿ ಇದರೊಳಗೆ ಹೇಗೆ ಹಿಡಿಸಿದ್ದರು ಎಂದು ಆಶ್ಚರ್ಯವಾಗುತ್ತದೆ. ಕೊನೆಯ ಮಗು ಇಳಿದ ಮೇಲೆ ವ್ಯಾನು ಹೊರಡುತ್ತದೆ. ಮುಂದಿನ ರಸ್ತೆ ಉಬ್ಬನ್ನು ಅದು ದಾಟುವಾಗ ಹಿಂಭಾಗವನ್ನು ಗಮನಿಸಿ. ಕೆಲವು ವ್ಯಾನುಗಳು ಒಮ್ಮೆ ಎದ್ದು, ಕುಳಿತು ಸುಮ್ಮನಾಗುತ್ತವೆ. ಕೆಲವು ಮಾತ್ರ ತೊಟ್ಟಿಲು ತೂಗಿದಂತೆ ತೂಗಾಡುತ್ತಲೇ ರಸ್ತೆಯ ತಿರುವಿನವರೆಗೂ ಸಾಗುತ್ತವೆ.

ಈ ಎರಡನೆಯ ಬಗೆಯ ವ್ಯಾನುಗಳೇ ಇಂದಿನ ಲೇಖನದ ವಸ್ತು. ಅವುಗಳ ಷಾಕ್ ಅಬ್ಸಾರ್ಬರ್ ಸವೆದಿದೆ. ‘ಸ್ವಲ್ಪ ಎತ್ತಿಹಾಕುತ್ತದೆ, ಅಷ್ಟೇ ತಾನೆ?’ ಎಂದು ಬಹಳಷ್ಟು ಮಂದಿ ಅದನ್ನು ಲಘುವಾಗಿ ತೆಗೆದುಕೊಳ್ಳುತ್ತಾರೆ. ಬ್ರೇಕ್ ಕೆಟ್ಟರೆ ಯಾರೂ ಸುಮ್ಮನಿರುವುದಿಲ್ಲ. ಷಾಕ್ ಅಬ್ಸಾರ್ಬರ್ ಕೆಟ್ಟರೆ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಆದರೆ ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇವೆರಡೂ ಒಂದೇ ಮನೆಯ ಮಕ್ಕಳು. ಹೇಗೆಂದು ನೋಡೋಣ.

ಶಾಲೆಗಳ ಮುಂದೆ ಹೆಚ್ಚಾಗಿ ಕಾಣುವ ಮಾರುತಿ ಓಮ್ನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು, ಮುಂದೆ ಓಮ್ನಿ ಎಂದು ಹೆಸರು ಬದಲಿಸಿಕೊಂಡ ಈ ಪುಟ್ಟ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಎಂದರೆ ಇಂದು ರಸ್ತೆಯ ಮೇಲಿರುವ ಓಮ್ನಿಗಳೆಲ್ಲ ಹಳೆಯವೇ. ಇಂಜಿನ್ ಚೆನ್ನಾಗಿರಬಹುದು, ಬಣ್ಣ ಹೊಸದಾಗಿರಬಹುದು. ಆದರೆ ಅಡಿಯಲ್ಲಿ ಕಣ್ಣಿಗೆ ಬೀಳದಂತೆ ದುಡಿಯುವ ನಾಲ್ಕು ಕೊಳವೆಗಳ ಸ್ಥಿತಿ ಹೇಗಿದೆ ಎಂದು ಕೇಳುವವರು ಕಡಿಮೆ.

ಹೆಸರು ಒಂದು, ಕೆಲಸ ಇನ್ನೊಂದು

ಷಾಕ್ ಅಬ್ಸಾರ್ಬರ್ ಎಂದರೆ ಆಘಾತವನ್ನು ಹೀರುವ ಸಾಧನ ಎಂದರ್ಥ. ನಿಜ ಹೇಳಬೇಕೆಂದರೆ ಈ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಗುಂಡಿಗೆ ಬಿದ್ದಾಗ ಆಗುವ ಆಘಾತವನ್ನು ಮೊದಲು ತೆಗೆದುಕೊಳ್ಳುವುದು ಟೈರು, ಆಮೇಲೆ ಸ್ಪ್ರಿಂಗು. ಓಮ್ನಿಯ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗುಗಳಿವೆ. ಹಿಂಭಾಗದಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಯ ಲೀಫ್ ಸ್ಪ್ರಿಂಗುಗಳಿವೆ. ಚಕ್ರ ಮೇಲಕ್ಕೆ ಹಾರಿದಾಗ ಸ್ಪ್ರಿಂಗು ಅದುಮಿಕೊಂಡು ಆ ಶಕ್ತಿಯನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ.

ಕೂಡಿಟ್ಟ ಶಕ್ತಿ ಏನಾಗಬೇಕು? ಶಕ್ತಿಯನ್ನು ಸೃಷ್ಟಿಸಲೂ ಸಾಧ್ಯವಿಲ್ಲ, ನಾಶಪಡಿಸಲೂ ಸಾಧ್ಯವಿಲ್ಲ ಎಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಓದಿರುತ್ತಾರೆ. ಸ್ಪ್ರಿಂಗು ಒಳ್ಳೆಯ ಸಾಲಗಾರನಿದ್ದ ಹಾಗೆ. ತೆಗೆದುಕೊಂಡದ್ದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಕೊಡುತ್ತದೆ. ವಾಹನದ ಮೈ ಮೇಲಕ್ಕೆ ಚಿಮ್ಮುತ್ತದೆ, ಮತ್ತೆ ಕೆಳಕ್ಕೆ ಬೀಳುತ್ತದೆ, ಮತ್ತೆ ಚಿಮ್ಮುತ್ತದೆ. ಬೀಸಿ ಬಿಟ್ಟ ಉಯ್ಯಾಲೆ ಹೇಗೆ ಬಹಳ ಹೊತ್ತು ತೂಗುತ್ತದೆಯೋ ಹಾಗೆ. ಇದನ್ನೇ ಆಂದೋಲನ ಎನ್ನುತ್ತೇವೆ.

ಈ ಆಂದೋಲನವನ್ನು ಬೇಗ ಅಡಗಿಸುವುದೇ ಷಾಕ್ ಅಬ್ಸಾರ್ಬರಿನ ಕೆಲಸ. ಸ್ಪ್ರಿಂಗು ಹಿಂದಕ್ಕೆ ಕೊಡುವ ಶಕ್ತಿಯನ್ನು ಅದು ನಡುದಾರಿಯಲ್ಲೇ ಹಿಡಿದು ಶಾಖವಾಗಿ ಪರಿವರ್ತಿಸಿ ಗಾಳಿಗೆ ಬಿಟ್ಟುಬಿಡುತ್ತದೆ. ಬ್ರಿಟನ್ನಿನ ಇಂಜಿನಿಯರುಗಳು ಇದನ್ನು ಡ್ಯಾಂಪರ್ ಎಂದು ಕರೆಯುತ್ತಾರೆ. ಕುಣಿತವನ್ನು ಮಂದಗೊಳಿಸುವುದು ಎಂದು ಅದರ ಅರ್ಥ. ಆ ಹೆಸರೇ ಹೆಚ್ಚು ಸರಿ. ಬ್ರೇಕು ವಾಹನದ ಮುಂದಿನ ಓಟವನ್ನು ಶಾಖವಾಗಿಸಿ ನಿಲ್ಲಿಸುತ್ತದೆ. ಷಾಕು ವಾಹನದ ಮೇಲೆ ಕೆಳಗಿನ ಓಟವನ್ನು ಶಾಖವಾಗಿಸಿ ನಿಲ್ಲಿಸುತ್ತದೆ. ಒಂದೇ ಮನೆಯ ಮಕ್ಕಳು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಮೈಸೂರಿನ ಟಾಂಗಾಗಳನ್ನು ನೋಡಿದವರು ಕೇಳಬಹುದು: ‘ಅದರಲ್ಲೂ ಪಟ್ಟಿ ಸ್ಪ್ರಿಂಗು ಇದೆ, ಷಾಕ್ ಅಬ್ಸಾರ್ಬರ್ ಎಲ್ಲಿದೆ?’ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಅವು ಪರಸ್ಪರ ಉಜ್ಜಿಕೊಳ್ಳುತ್ತವೆ. ಆ ಘರ್ಷಣೆಯೇ ಒಂದಿಷ್ಟು ಕುಣಿತವನ್ನು ಅಡಗಿಸುತ್ತದೆ. ಕುದುರೆಯ ನಡಿಗೆಯ ವೇಗಕ್ಕೆ ಅದು ಸಾಕು, ಮೋಟಾರಿನ ವೇಗಕ್ಕೆ ಸಾಲದು. ಇಪ್ಪತ್ತನೆಯ ಶತಮಾನದ ಆರಂಭದ ಕಾರುಗಳಲ್ಲಿ ಬಿಲ್ಲೆಗಳನ್ನು ಒಂದಕ್ಕೊಂದು ಉಜ್ಜಿಸುವ ಸಾಧನಗಳನ್ನು ಹಾಕಿ ನೋಡಿದರು. ಫ್ರಾನ್ಸಿನ ಮಾರಿಸ್ ಊದಾಯ್ 1908ರಲ್ಲಿ ಎಣ್ಣೆಯನ್ನು ಬಳಸುವ ಸಾಧನಕ್ಕೆ ಪೇಟೆಂಟ್ ಪಡೆದ. ಇಂದಿಗೂ ಸಾಮಾನ್ಯ ವಾಹನಗಳ ಷಾಕಿನೊಳಗೆ ಕೆಲಸ ಮಾಡುವುದು ಎಣ್ಣೆಯೇ.

ಪಿಚಕಾರಿಯ ಪಾಠ

ಸೂಜಿ ಇಲ್ಲದ ಒಂದು ಸಿರಿಂಜಿನಲ್ಲಿ ನೀರು ತುಂಬಿ ನಿಧಾನವಾಗಿ ಒತ್ತಿ. ಸುಲಭವಾಗಿ ಒಳಗೆ ಹೋಗುತ್ತದೆ. ಈಗ ಜೋರಾಗಿ ಒತ್ತಿ. ಹೆಬ್ಬೆರಳಿಗೆ ವಿರೋಧ ಗೊತ್ತಾಗುತ್ತದೆ. ಸಣ್ಣ ರಂಧ್ರದ ಮೂಲಕ ದ್ರವವನ್ನು ವೇಗವಾಗಿ ನುಗ್ಗಿಸಬೇಕಾದರೆ ಹೆಚ್ಚು ಬಲ ಬೇಕು. ಹೋಳಿಯಲ್ಲಿ ಪಿಚಕಾರಿ ಹಿಡಿದ ಮಕ್ಕಳಿಗೆಲ್ಲ ಇದು ಗೊತ್ತು.

ಷಾಕ್ ಅಬ್ಸಾರ್ಬರ್ ಎರಡೂ ಕಡೆ ಮುಚ್ಚಿದ ಪಿಚಕಾರಿಯೇ. ಉಕ್ಕಿನ ಕೊಳವೆಯ ತುಂಬ ಎಣ್ಣೆ. ಒಳಗೆ ಒಂದು ಕೊಂತ. ಅದಕ್ಕೆ ಸಣ್ಣ ರಂಧ್ರಗಳು, ರಂಧ್ರಗಳಿಗೆ ತೆಳುವಾದ ಉಕ್ಕಿನ ಬಿಲ್ಲೆಗಳ ಕವಾಟ. ಕೊಂತದ ಸರಳು ಕೊಳವೆಯ ಬಾಯಿಯಿಂದ ಹೊರಬರುತ್ತದೆ. ಕೊಳವೆಯ ಕೆಳತುದಿ ಚಕ್ರದ ಕಡೆಗೆ, ಸರಳಿನ ಮೇಲ್ತುದಿ ವಾಹನದ ಮೈಗೆ. ಚಕ್ರ ಏರಿಳಿದಂತೆಲ್ಲ ಕೊಂತ ಎಣ್ಣೆಯನ್ನು ಸೀಳಿಕೊಂಡು ಓಡಾಡಬೇಕು. ನಿಧಾನವಾಗಿ ಆಡಿದರೆ ವಿರೋಧ ಕಡಿಮೆ, ಒಮ್ಮೆಲೇ ಎಗರಿದರೆ ವಿರೋಧ ಹೆಚ್ಚು. ಎಷ್ಟು ಜಾಣ ವ್ಯವಸ್ಥೆ ನೋಡಿ! ತುಂಟತನ ಹೆಚ್ಚಿದಷ್ಟೂ ಶಿಕ್ಷೆ ಹೆಚ್ಚು.

ಇನ್ನೊಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ಷಾಕನ್ನು ಅದುಮುವುದಕ್ಕಿಂತ ಎಳೆಯುವುದು ಕಷ್ಟವಾಗುವಂತೆ ಕವಾಟಗಳನ್ನು ಜೋಡಿಸಿರುತ್ತಾರೆ. ಚಕ್ರ ಉಬ್ಬನ್ನು ಹತ್ತುವಾಗ ಸ್ಪ್ರಿಂಗಿಗೆ ಅದುಮಿಕೊಳ್ಳಲು ಅವಕಾಶ ಕೊಟ್ಟು, ಅದು ಹಿಂದಕ್ಕೆ ಚಿಮ್ಮುವಾಗ ಹಿಡಿದು ನಿಲ್ಲಿಸಬೇಕು, ಅದಕ್ಕಾಗಿ.

ಕೊಂತ ಬಹಳ ವೇಗವಾಗಿ ಆಡಿದಾಗ ಎಣ್ಣೆಯಲ್ಲಿ ಗಾಳಿಯ ಗುಳ್ಳೆಗಳೆದ್ದು ನೊರೆಯಾಗುತ್ತದೆ. ನೊರೆಗೆ ಎಣ್ಣೆಯ ಬಿಗಿ ಇಲ್ಲ. ಇದನ್ನು ತಪ್ಪಿಸಲು ಕೊಳವೆಯೊಳಗೆ ಒತ್ತಡದಲ್ಲಿ ನೈಟ್ರೋಜನ್ ಅನಿಲ ತುಂಬುತ್ತಾರೆ. ಅಂಗಡಿಯಲ್ಲಿ ‘ಗ್ಯಾಸ್ ಷಾಕು’ ಎಂದು ಕೊಡುವುದು ಇದನ್ನೇ. ಅದರಲ್ಲೂ ಕೆಲಸ ಮಾಡುವುದು ಎಣ್ಣೆಯೇ. ಗ್ಯಾಸು ಅದರ ಕಾವಲುಗಾರ.

17 ಮೀಟರೋ, 55 ಮೀಟರೋ?

ಈಗ ಸ್ವಲ್ಪ ಲೆಕ್ಕ ಮಾಡೋಣ. ಕಾರು, ವ್ಯಾನುಗಳ ಮೈ ತನ್ನ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಸುಮಾರು ಒಂದರಿಂದ ಎರಡು ಬಾರಿ ತೂಗುತ್ತದೆ. ಒಂದೂವರೆ ಬಾರಿ ಎಂದು ಇಟ್ಟುಕೊಳ್ಳಿ. ಆಗ ಮೇಲಿನಿಂದ ಕೆಳಕ್ಕೆ ಒಂದು ಅರ್ಧ ತೂಗಿಗೆ ಒಂದು ಸೆಕೆಂಡಿನ ಮೂರರಲ್ಲೊಂದು ಭಾಗ ಸಾಕು.

ಷಾಕು ಒಳ್ಳೆಯ ಸ್ಥಿತಿಯಲ್ಲಿದ್ದರೆ ಪ್ರತಿ ಅರ್ಧ ತೂಗಿಗೂ ಕುಣಿತದ ಎತ್ತರ ಹಿಂದಿನದರ 37ರಷ್ಟು ಶೇಕಡಾ ಉಳಿಯುತ್ತದೆ ಎಂದುಕೊಳ್ಳೋಣ. ಗುಂಡಿಯಿಂದಾಗಿ ಮೈ 10 ಸೆಂ.ಮೀ. ಕುಸಿಯಿತು. ನಂತರ 3.7, ಆಮೇಲೆ 1.4, ಆಮೇಲೆ ಅರ್ಧ ಸೆಂ.ಮೀ. ಮೂರು ಅರ್ಧ ತೂಗು, ಒಂದು ಸೆಕೆಂಡು, ಕಥೆ ಮುಗಿಯಿತು.

ಷಾಕು ಸವೆದು ಅದರ ಶಕ್ತಿ ಮೂರರಲ್ಲೊಂದು ಪಾಲಿಗೆ ಇಳಿಯಿತೆನ್ನಿ. ಆಗ ಪ್ರತಿ ಅರ್ಧ ತೂಗಿಗೂ ಉಳಿಯುವುದು ಶೇಕಡಾ 73. ಈಗ 10 ಸೆಂ.ಮೀ. ಕುಸಿತ 7.3 ಆಗುತ್ತದೆ, ನಂತರ 5.3, 3.9, 2.8... ಅರ್ಧ ಸೆಂ.ಮೀ.ಗಿಂತ ಕೆಳಗೆ ಇಳಿಯಬೇಕಾದರೆ ಹತ್ತು ಅರ್ಧ ತೂಗು ಬೇಕು. ಮೂರು ಸೆಕೆಂಡಿಗೂ ಹೆಚ್ಚು ಕಾಲ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 16.7 ಮೀಟರು ಸಾಗುತ್ತದೆ. ಹಾಗಾದರೆ ಒಳ್ಳೆಯ ಷಾಕಿನ ವ್ಯಾನು ಗುಂಡಿ ದಾಟಿ ಸುಮಾರು 17 ಮೀಟರಿನೊಳಗೆ ಸ್ಥಿರವಾಗುತ್ತದೆ. ಸವೆದ ಷಾಕಿನ ವ್ಯಾನು 55 ಮೀಟರು ತೂಗಾಡುತ್ತಲೇ ಹೋಗುತ್ತದೆ. ಆ 55 ಮೀಟರಿನೊಳಗೆ ಇನ್ನೊಂದು ಗುಂಡಿ ಸಿಗದಿರುವ ರಸ್ತೆ ನಮ್ಮಲ್ಲಿ ಎಷ್ಟಿವೆ? ಹಳೆಯ ಕುಣಿತ ಮುಗಿಯುವ ಮೊದಲೇ ಹೊಸ ಕುಣಿತ ಸೇರುತ್ತದೆ. ತೂಗುವ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಅದು ಇನ್ನೂ ಎತ್ತರಕ್ಕೆ ಹೋಗುವುದಿಲ್ಲವೇ? ಹಾಗೆಯೇ ಸಮ ಅಂತರದ ಉಬ್ಬುತಗ್ಗುಗಳು ಸಿಕ್ಕಿದರೆ ಈ ವ್ಯಾನಿನ ಕುಣಿತ ಏರುತ್ತಲೇ ಹೋಗಬಹುದು.

ಇದು ಬರೀ ವಾಹನಗಳ ಕಷ್ಟವಲ್ಲ. 2000ದ ಜೂನ್ 10ರಂದು ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲೆ ಮಿಲೆನಿಯಂ ಎಂಬ ಪಾದಚಾರಿ ಸೇತುವೆ ತೆರೆಯಿತು. ಜನ ನಡೆದಾಡಿದಂತೆ ಅದು ಪಕ್ಕಕ್ಕೆ ತೂಗತೊಡಗಿತು. ಎರಡೇ ದಿನದಲ್ಲಿ ಮುಚ್ಚಬೇಕಾಯಿತು. ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಸೇತುವೆಗೆ ಬೇರೆ ಸಾಧನಗಳ ಜೊತೆ 37 ದ್ರವ ಡ್ಯಾಂಪರುಗಳನ್ನು ಜೋಡಿಸಿದ್ದರು. ಓಮ್ನಿಯ ಅಡಿಯಲ್ಲಿರುವ ಕೊಳವೆಗೆ ಅವು ದೊಡ್ಡಣ್ಣಂದಿರು ಎನ್ನಬಹುದು, ತತ್ವ ಒಂದೇ.

ಬ್ರೇಕಿಗೂ ಇದಕ್ಕೂ ಏನು ನಂಟು?

ಬ್ರೇಕ್ ಪೆಡಲ್ ಒತ್ತಿದಾಗ ಚಕ್ರದ ಓಟ ತಗ್ಗುತ್ತದೆ. ಆದರೆ ವಾಹನವನ್ನು ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಈ ಘರ್ಷಣೆ ಟೈರು ನೆಲವನ್ನು ಎಷ್ಟು ಬಲವಾಗಿ ಒತ್ತುತ್ತಿದೆ ಎಂಬುದನ್ನು ಅವಲಂಬಿಸಿದೆ. ಒತ್ತುವ ಬಲ ಅರ್ಧವಾದರೆ ಹಿಡಿತವೂ ಸುಮಾರು ಅರ್ಧ. ಟೈರು ನೆಲ ಬಿಟ್ಟು ಎದ್ದರೆ ಹಿಡಿತ ಸೊನ್ನೆ. ಗಾಳಿಯಲ್ಲಿರುವ ಚಕ್ರಕ್ಕೆ ಎಷ್ಟೇ ಒಳ್ಳೆಯ ಬ್ರೇಕಿದ್ದರೂ ಏನು ಪ್ರಯೋಜನ?

ವಾಹನದ ಮೈ ಸೆಕೆಂಡಿಗೆ ಒಂದೆರಡು ಬಾರಿ ತೂಗಿದರೆ, ಅದರ ಚಕ್ರಗಳು ಸೆಕೆಂಡಿಗೆ ಹತ್ತು, ಹದಿನೈದು ಬಾರಿ ಕುಣಿಯಬಲ್ಲವು. ಕಲ್ಲುಮಣ್ಣಿನ ರಸ್ತೆಯಲ್ಲಿ ‘ಗಡಗಡ’ ಎನ್ನುವುದು ಈ ಕುಣಿತವೇ. ಒಳ್ಳೆಯ ಷಾಕು ಚಕ್ರವನ್ನು ರಸ್ತೆಗೆ ಅಂಟಿಸಿಟ್ಟುಕೊಳ್ಳುತ್ತದೆ. ಸವೆದ ಷಾಕಿನ ಚಕ್ರ ರಸ್ತೆಯನ್ನು ಬಡಿಯುತ್ತ, ಬಿಡುತ್ತ ಓಡುತ್ತದೆ.

ಒಂದು ಲೆಕ್ಕ: ಒಣ ಡಾಂಬರು ರಸ್ತೆಯಲ್ಲಿ ಘರ್ಷಣಾಂಕ 0.7 ಎಂದುಕೊಂಡರೆ, ಗಂಟೆಗೆ 50 ಕಿ.ಮೀ. ವೇಗದ ವಾಹನ ಬ್ರೇಕ್ ಹಿಡಿದ ಕ್ಷಣದಿಂದ ನಿಲ್ಲುವವರೆಗೆ ಸುಮಾರು 14 ಮೀಟರು ಸಾಗುತ್ತದೆ. ಚಕ್ರದ ಕುಣಿತದಿಂದ ಸರಾಸರಿ ಹಿಡಿತ ಐದರಲ್ಲೊಂದು ಪಾಲು ತಗ್ಗಿತೆಂದರೆ ಆ ದೂರ ಹದಿನೇಳೂವರೆ ಮೀಟರು ದಾಟುತ್ತದೆ. ವ್ಯತ್ಯಾಸ ಮೂರೂವರೆ ಮೀಟರು. ಒಂದು ಓಮ್ನಿಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ಮುಂದೆ ರಸ್ತೆ ದಾಟುತ್ತಿರುವ ಮಗುವಿಗೆ ಆ ಮೂರೂವರೆ ಮೀಟರು ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಓಮ್ನಿಯಲ್ಲಿ ಚಾಲಕ ಕೂರುವುದು ಬಹುತೇಕ ಮುಂದಿನ ಚಕ್ರಗಳ ಮೇಲೆಯೇ ಎಂಬುದನ್ನೂ ನೆನಪಿಡಿ. ಡಿಕ್ಕಿಯಾದರೆ ಅವನ ಮುಂದೆ ಹೆಚ್ಚು ಜಾಗವಿಲ್ಲ.

ಎಂಟು ಜನರ ಜಾಗದಲ್ಲಿ ಹದಿನಾರು

ಮಕ್ಕಳನ್ನು ಕಿಕ್ಕಿರಿದು ತುಂಬಿದರೆ ಉಸಿರುಗಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದರಿಂದ ಷಾಕಿನ ಶಕ್ತಿಯೂ ಕುಂದುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಒಂದೇ ಷಾಕು ಹಗುರವಾದ ಮೈಯ ಕುಣಿತವನ್ನು ಬೇಗ ಅಡಗಿಸುತ್ತದೆ, ಭಾರವಾದ ಮೈಯ ಕುಣಿತವನ್ನು ತಡವಾಗಿ ಅಡಗಿಸುತ್ತದೆ. ಇದಕ್ಕೊಂದು ವರ್ಗಮೂಲದ ನಿಯಮವಿದೆ. ಸ್ಪ್ರಿಂಗಿನ ಮೇಲಿನ ಭಾರ ಎರಡು ಪಟ್ಟಾದರೆ, ಕುಣಿತ ಅಡಗಿಸುವಲ್ಲಿ ಷಾಕಿನ ಪ್ರಭಾವ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ತಗ್ಗುತ್ತದೆ. ನೂರರಲ್ಲಿ ಉಳಿಯುವುದು ಸುಮಾರು 71. ಹೊಸ ಷಾಕು ಹಾಕಿದ ವ್ಯಾನು ಕೂಡ ಮಿತಿಮೀರಿದ ಭಾರದಲ್ಲಿ ಅರ್ಧ ಸವೆದ ಷಾಕಿನ ವ್ಯಾನಿನಂತೆ ವರ್ತಿಸತೊಡಗುತ್ತದೆ. ಷಾಕೂ ಸವೆದು ಭಾರವೂ ಹೆಚ್ಚಿದರೆ? ಗಾಯದ ಮೇಲೆ ಬರೆ ಎಳೆದಂತೆ.

ಕೆಲವರು ಹಿಂಭಾಗ ಕುಸಿಯದಿರಲೆಂದು ಲೀಫ್ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸುತ್ತಾರೆ. ವ್ಯಾನು ಎತ್ತರವಾಗಿ ಕಾಣುತ್ತದೆ, ನಿಜ. ಆದರೆ ಸ್ಪ್ರಿಂಗು ಗಟ್ಟಿಯಾದಷ್ಟೂ ಅದನ್ನು ಅಂಕೆಯಲ್ಲಿಡುವ ಷಾಕಿನ ಹೊರೆ ಹೆಚ್ಚುತ್ತದೆ. ಪಟ್ಟಿ ಸೇರಿಸುವುದು ಷಾಕ್ ಬದಲಿಸುವುದಕ್ಕೆ ಪರ್ಯಾಯವಲ್ಲ.

ಸವೆದದ್ದು ಚಾಲಕನಿಗೇಕೆ ತಿಳಿಯುವುದಿಲ್ಲ?

ಗಂಟೆಗೆ 36 ಕಿ.ಮೀ. ವೇಗದಲ್ಲಿ ಒಂದು ಕಿ.ಮೀ. ಸಾಗಲು 100 ಸೆಕೆಂಡು ಬೇಕು. ಕೆಟ್ಟ ರಸ್ತೆಯಲ್ಲಿ ಚಕ್ರ ಸೆಕೆಂಡಿಗೆ ಹತ್ತು ಬಾರಿ ಕುಣಿದರೆ ಕೊಂತ ಒಂದು ಕಿ.ಮೀ.ಗೆ ಸಾವಿರ ಬಾರಿ ಓಡಾಡಿರುತ್ತದೆ. ಷಾಕುಗಳನ್ನು ಸುಮಾರು 80,000 ಕಿ.ಮೀ.ಗೆ ಬದಲಿಸುವುದು ಒಳ್ಳೆಯದೆಂಬ ಮಾತು ವಾಹನಲೋಕದಲ್ಲಿದೆ. ಗುಣಿಸಿ ನೋಡಿ: ಎಂಟು ಕೋಟಿ ಓಡಾಟ! ಗುಂಡಿ, ಧೂಳು, ಅತಿಭಾರಗಳಿದ್ದರೆ ಅಷ್ಟು ಕಾಲ ಬಾಳುವ ಭರವಸೆಯಿಲ್ಲ. ಸರಳಿನ ಸುತ್ತಲಿನ ರಬ್ಬರ್ ಸೀಲು ಸವೆದು ಎಣ್ಣೆ ಒಸರುತ್ತದೆ. ಕವಾಟದ ಬಿಲ್ಲೆಗಳು ದಣಿಯುತ್ತವೆ. ಎಣ್ಣೆ ಹಳತಾಗಿ ತನ್ನ ಸ್ನಿಗ್ಧತೆ ಕಳೆದುಕೊಳ್ಳುತ್ತದೆ.

ರಸ್ತೆ ಉಬ್ಬುಗಳ ಪಾಲೂ ಇದರಲ್ಲಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಸಾಮಾನ್ಯ ಸಂಚಾರದ ಉಬ್ಬು 17 ಮೀಟರು ತ್ರಿಜ್ಯದ ವೃತ್ತದ ಒಂದು ತುಣುಕಾಗಿರಬೇಕು, ಅಗಲ 3.7 ಮೀಟರು, ಎತ್ತರ 10 ಸೆಂ.ಮೀ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದನ್ನು ಆರಾಮವಾಗಿ ದಾಟಬಹುದು. ಈ ತ್ರಿಜ್ಯ ಮತ್ತು ಅಗಲಕ್ಕೆ ಎತ್ತರ 10 ಸೆಂ.ಮೀ. ಬರುತ್ತದೆಯೇ ಎಂದು ಹತ್ತನೆಯ ತರಗತಿಯವರು ಪೈಥಾಗೊರಸನ ಪ್ರಮೇಯದಿಂದ ಲೆಕ್ಕ ಹಾಕಿ ನೋಡಿ. ಆಮೇಲೆ ನಿಮ್ಮ ಬೀದಿಯ ಉಬ್ಬನ್ನು ಅಳೆಯಿರಿ, ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು.

ಷಾಕು ಒಂದೇ ದಿನದಲ್ಲಿ ಕೆಡುವುದಿಲ್ಲ. ಪ್ರತಿದಿನ ಕೂದಲೆಳೆಯಷ್ಟು ಸವೆಯುತ್ತದೆ. ದಿನವೂ ಓಡಿಸುವವನ ಕೈಕಾಲು ಅದಕ್ಕೆ ಅಷ್ಟಷ್ಟೇ ಹೊಂದಿಕೊಳ್ಳುತ್ತವೆ. ಮನೆಯ ಮಗು ಬೆಳೆದದ್ದು ತಾಯಿಗಿಂತ ವರ್ಷಕ್ಕೊಮ್ಮೆ ಬರುವ ಅತ್ತೆಗೆ ಬೇಗ ಕಾಣುವುದಿಲ್ಲವೇ? ಅದರಂತೆ ಷಾಕಿನ ದೋಷವೂ ಹೊರಗಿನವರ ಕಣ್ಣಿಗೇ ಮೊದಲು ಬೀಳುತ್ತದೆ. ಆದ್ದರಿಂದ ಪೋಷಕರು ಪರೀಕ್ಷಿಸಿ ಹೇಳಿದರೆ ಚಾಲಕ ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ.

ನೀವೇ ಮಾಡಬಹುದಾದ ಪರೀಕ್ಷೆಗಳು

ಒಂದು: ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಒಂದು ಮೂಲೆಯನ್ನು ಎರಡು ಮೂರು ಬಾರಿ ಜೋರಾಗಿ ಅದುಮಿ, ಕೆಳಗಿರುವಾಗ ಕೈಬಿಡಿ. ಎದ್ದು ಒಮ್ಮೆ ಕುಳಿತು ಸುಮ್ಮನಾದರೆ ಸರಿ. ಎರಡು ಮೂರು ಸಲ ತೂಗಿದರೆ ಆ ಮೂಲೆಯ ಷಾಕು ಹೋಗಿದೆ. ನಾಲ್ಕೂ ಮೂಲೆಗಳಲ್ಲಿ ಹೀಗೆ ಮಾಡಿ. ಆದರೆ ಪೂರ್ತಿ ಕೆಟ್ಟದ್ದು ಮಾತ್ರ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಕೆಟ್ಟದ್ದು ತಪ್ಪಿಸಿಕೊಳ್ಳಬಹುದು. ಪಾಸಾಯಿತೆಂದು ಉಳಿದ ಪರೀಕ್ಷೆಗಳನ್ನು ಬಿಡಬೇಡಿ.

ಎರಡು: ಷಾಕಿನ ಕೊಳವೆಯನ್ನು ನೋಡಿ. ತೆಳುವಾಗಿ ತೇವದ ಛಾಯೆ ಇದ್ದರೆ ಗಾಬರಿ ಬೇಡ. ಎಣ್ಣೆ ಹರಿದು, ಅದಕ್ಕೆ ಧೂಳು ಮೆತ್ತಿ ಕರಿಯ ಮಡ್ಡಿಯಾಗಿದ್ದರೆ ಬದಲಿಸುವ ಕಾಲ ಬಂದಿದೆ.

ಮೂರು: ಟೈರಿನ ಮೇಲೆ ಅಂಗೈಯನ್ನು ನಿಧಾನವಾಗಿ ಸವರಿ. ಕುಣಿಯುವ ಚಕ್ರದ ಟೈರು ಒಂದೇ ಸಮನೆ ಸವೆಯುವುದಿಲ್ಲ. ಅಲ್ಲಲ್ಲಿ ತಗ್ಗಾಗಿ ಅಲೆಯಂತೆ ಕೈಗೆ ಸಿಗುತ್ತದೆ.

ನಾಲ್ಕು: ಓಡುವಾಗ ಗಮನಿಸಿ. ಬ್ರೇಕ್ ಹಾಕಿದಾಗ ಮೂಗು ಬಹಳ ಬಾಗುತ್ತದೆಯೇ? ತಿರುವಿನಲ್ಲಿ ಪಕ್ಕಕ್ಕೆ ವಾಲಿ, ನೆಟ್ಟಗಾದ ಮೇಲೂ ತೂಗುತ್ತದೆಯೇ? ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ‘ಟಕ್ ಟಕ್’ ಸದ್ದೊಂದೇ ಇದ್ದರೆ ದೋಷ ಷಾಕಿನದೇ ಆಗಿರಬೇಕೆಂದಿಲ್ಲ, ರಬ್ಬರ್ ಬುಷ್ಷಿನದೂ ಇರಬಹುದು.

ಐದು: ಕೆಟ್ಟ ರಸ್ತೆಯಲ್ಲಿ ಕೆಲವು ಕಿ.ಮೀ. ಓಡಿಸಿದ ಮೇಲೆ ಮೆಕ್ಯಾನಿಕ್ ನಾಲ್ಕೂ ಷಾಕುಗಳನ್ನು ಮುಟ್ಟಿ ನೋಡಬಹುದು. ದುಡಿದದ್ದು ಬೆಚ್ಚಗಿರುತ್ತದೆ, ದುಡಿಯದ್ದು ತಣ್ಣಗಿರುತ್ತದೆ. ಶಕ್ತಿ ಶಾಖವಾಗುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಪಕ್ಕದಲ್ಲೇ ಸುಡುವ ಸೈಲೆನ್ಸರ್ ಕೊಳವೆ ಇರುವುದರಿಂದ ಈ ಪರೀಕ್ಷೆ ಮಕ್ಕಳಿಗೆ ಬೇಡ.

ಬದಲಿಸುವಾಗ

ಮೊದಲ ನಿಯಮ: ಜೋಡಿಯಾಗಿ ಬದಲಿಸಿ. ಮುಂದಿನ ಎರಡು ಅಥವಾ ಹಿಂದಿನ ಎರಡು. ಎಡಗಡೆ ಹೊಸದು, ಬಲಗಡೆ ಹಳೆಯದು ಎಂದಾದರೆ ವಾಹನದ ಎರಡು ಮಗ್ಗುಲು ಎರಡು ರೀತಿ ವರ್ತಿಸುತ್ತವೆ. ಒಂದೆತ್ತು ಏರಿಗೆಳೆದು ಇನ್ನೊಂದು ನೀರಿಗೆಳೆದಂತೆ.

ಎರಡನೆಯದು: ಬುಷ್ಷು, ಧೂಳು ತಡೆಯುವ ಕವಚ, ಬಡಿತ ತಡೆಯುವ ರಬ್ಬರ್ ದಿಂಡು ಇವುಗಳನ್ನೂ ನೋಡಿ. ಹರಿದ ಕವಚದೊಳಗೆ ಹೊಸ ಷಾಕು ಹಾಕಿದರೆ ಧೂಳು ಬೇಗ ಅದರ ಸೀಲನ್ನು ಕೊರೆಯುತ್ತದೆ.

ಮೂರನೆಯದು: ಕಾರು, ವ್ಯಾನುಗಳ ಷಾಕು ಸಾಮಾನ್ಯವಾಗಿ ಬಿಚ್ಚಲಾಗದಂತೆ ಮುಚ್ಚಿದ ಸಾಧನ. ಅದನ್ನು ಕೊಯ್ದು, ಎಣ್ಣೆ ತುಂಬಿ, ಬೆಸುಗೆ ಹಾಕಿದ ‘ರಿಪೇರಿ ಮಾಲು’ ಅಗ್ಗಕ್ಕೆ ಸಿಗಬಹುದು. ಒಳಗಿನ ಕವಾಟ ಹೇಗಿದೆಯೆಂದು ಯಾರು ಬಲ್ಲರು? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳಿರಿ, ನಿಮ್ಮೂರಿನ ಅಂಗಡಿಯಲ್ಲಿ ಕೊಳ್ಳಿರಿ. ರಸೀದಿ ಮತ್ತು ಗ್ಯಾರಂಟಿ ಚೀಟಿ ಕೇಳಿ ಪಡೆಯಿರಿ.

ನಾಲ್ಕನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಓಮ್ನಿಯ ಮುಂಭಾಗದಲ್ಲಿ ಷಾಕೂ ಸುರುಳಿ ಸ್ಪ್ರಿಂಗೂ ಒಂದೇ ಕಂಬದಂತೆ ಕೂಡಿಕೊಂಡಿವೆ. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆ ಅವನ ಹೆಸರಿನಿಂದಲೇ ಪ್ರಸಿದ್ಧ. ಈ ಕಂಬದ ನೆತ್ತಿಯ ನಡುವಿನ ನಟ್ಟು ಅದುಮಿದ ಸ್ಪ್ರಿಂಗನ್ನು ಹಿಡಿದಿಟ್ಟಿರುತ್ತದೆ. ಸ್ಪ್ರಿಂಗನ್ನು ಕಂಪ್ರೆಸರ್ ಎಂಬ ಸಾಧನದಿಂದ ಬಿಗಿಯದೆ ಆ ನಟ್ಟು ಬಿಚ್ಚಿದರೆ ಸ್ಪ್ರಿಂಗು ಬಾಣದಂತೆ ಹಾರುತ್ತದೆ. ಇದು ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲಿ ಮಾಡಿ ನೋಡುವ ಕೆಲಸವಲ್ಲ, ಬಲ್ಲ ಮೆಕ್ಯಾನಿಕ್ಕಿನ ಕೆಲಸ. ಹಿಂದಿನ ಷಾಕು ಬದಲಿಸುವುದು ಅಷ್ಟು ಕಷ್ಟವಲ್ಲದಿದ್ದರೂ ಬರೀ ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಯಾರೂ ಹೋಗಬಾರದು. ಗಟ್ಟಿ ಸ್ಟ್ಯಾಂಡು ಕೊಡಬೇಕು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕಟ್ಟೆ ಇಡಬೇಕು, ಹಿಂದಿನ ಆಕ್ಸಲ್ಲಿಗೂ ಆಧಾರ ಕೊಡಬೇಕು.

ಮೆಕ್ಯಾನಿಕ್ ಕೆಲಸ ಮಾಡುವಾಗ ಕೆಲವು ಸಂಗತಿಗಳನ್ನು ಗಮನಿಸಿ. ಹೊಸ ಷಾಕನ್ನು ನೆಟ್ಟಗೆ ಹಿಡಿದು ಕೆಲವು ಬಾರಿ ಪೂರ್ತಿ ಎಳೆದು, ಅದುಮಿ, ಒಳಗಿನ ಗಾಳಿ ಬಿಡಿಸಿ ಜೋಡಿಸುವುದು ಒಳ್ಳೆಯ ಕ್ರಮ. ಹೊಳೆಯುವ ಸರಳನ್ನು ಇಕ್ಕಳದಿಂದ ಹಿಡಿಯಬಾರದು. ಒಂದು ಸಣ್ಣ ಗೀರು ಸೀಲನ್ನು ಹರಿಯಲು ಸಾಕು. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ವಾಹನದ ಭಾರ ಚಕ್ರದ ಮೇಲೆ ಬಂದ ನಂತರವೇ ಪೂರ್ತಿ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಮುಂದಿನ ಷಾಕು ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬಾರದು. ತೆಗೆದ ಗ್ಯಾಸ್ ಷಾಕನ್ನು ಬೆಂಕಿಗೆ ಹಾಕಬಾರದು.

ಅಪ್ಪನ ಹಳೆಯ ಬೈಕು ಕಾಲೇಜಿಗೆ ಹೋಗುವ ಮಗ ಅಥವಾ ಮಗಳ ಕೈಗೆ ಬರುವ ಮನೆಗಳಿಗೂ ಈ ಮಾತುಗಳೇ ಅನ್ವಯಿಸುತ್ತವೆ. ಮುಂದಿನ ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲು ಬದಲಿಸಿ ಹೊಸ ಎಣ್ಣೆ ತುಂಬಿಸಿ. ಅದು ಇಳಿದು ಡಿಸ್ಕ್ ಅಥವಾ ಡ್ರಮ್ಮನ್ನು ಸೇರಿದರೆ ಬ್ರೇಕೇ ಜಾರುತ್ತದೆ. ಹಿಂದಿನ ಜೋಡಿ ಷಾಕನ್ನು ಬಿಚ್ಚುವಾಗ ಒಂದನ್ನು ಜೋಡಿಸಿ ಮುಗಿಸಿದ ಮೇಲೆ ಇನ್ನೊಂದಕ್ಕೆ ಕೈಹಾಕಿ. ಸ್ಪ್ರಿಂಗಿನ ಬಿಗಿಯನ್ನು ಹೊಂದಿಸುವ ಮೆಟ್ಟಿಲು ಎರಡೂ ಕಡೆ ಒಂದೇ ಇರಲಿ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ನಾಲ್ಕೈದು ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ. ತುದಿಗೆ ಒಂದು ಹಳೆಯ ಬೀಗ ಕಟ್ಟಿ ನೇತುಹಾಕಿ. ಬೀಗವನ್ನು 5 ಸೆಂ.ಮೀ. ಕೆಳಗೆಳೆದು ಬಿಟ್ಟು, ಎಷ್ಟು ಬಾರಿ ತೂಗುತ್ತದೆಂದು ಎಣಿಸಿ. ಈಗ ಬೀಗದ ಕೆಳಗೆ ಡಬ್ಬಿಯೊಂದರ ಅಗಲವಾದ ಪ್ಲಾಸ್ಟಿಕ್ ಮುಚ್ಚಳವನ್ನು ಅಡ್ಡಲಾಗಿ ಕಟ್ಟಿ, ಬಕೆಟ್ಟಿನ ನೀರಿನಲ್ಲಿ ಮುಳುಗಿರುವಂತೆ ಮಾಡಿ ಮತ್ತೆ ಎಣಿಸಿ. ಕುಣಿತ ತಟ್ಟನೆ ಅಡಗುತ್ತದೆ. ಇನ್ನು ಮುಚ್ಚಳಕ್ಕೆ ಒಂದೊಂದಾಗಿ ದೊಡ್ಡ ತೂತುಗಳನ್ನು ಕೊರೆಯುತ್ತ ಹೋಗಿ. ಪ್ರತಿ ಸಲವೂ ಎಣಿಸಿ ಪಟ್ಟಿ ಮಾಡಿ. ತೂತು ಹೆಚ್ಚಿದಂತೆ ಕುಣಿತ ಮರಳುವುದನ್ನು ಕಾಣುವಿರಿ. ಸವೆದ ಕವಾಟದ ಷಾಕಿನೊಳಗೆ ನಡೆಯುವುದೂ ಇದೇ. ಚಿಕ್ಕ ಮುಚ್ಚಳ, ಲೋಟದಷ್ಟು ಹರಳೆಣ್ಣೆ ಸಿಕ್ಕರೆ ನೀರಿಗೂ ಎಣ್ಣೆಗೂ ಇರುವ ವ್ಯತ್ಯಾಸವನ್ನೂ ನೋಡಬಹುದು. ಹರಳೆಣ್ಣೆಯ ಸ್ನಿಗ್ಧತೆ ನೀರಿಗಿಂತ ನೂರಾರು ಪಟ್ಟು ಹೆಚ್ಚು.

ಖರ್ಚು ಯಾರದು?

ಕೊನೆಗೆ ಪೋಷಕರೊಡನೆ ಒಂದು ಮಾತು. ಬಾಡಿಗೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ಸಾರಿಗೆ ವಾಹನವಾಗಿ ನೋಂದಣಿಯಾಗಿರಬೇಕು, ಹಳದಿ ನಂಬರ್ ಪ್ಲೇಟ್ ಇರಬೇಕು. ಎಂಟು ವರ್ಷ ದಾಟಿದ ಸಾರಿಗೆ ವಾಹನ ಪ್ರತಿ ವರ್ಷ ಯೋಗ್ಯತಾ ಪತ್ರ, ಅಂದರೆ ಎಫ್.ಸಿ. ಪಡೆಯಬೇಕು. ಅದನ್ನು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ. ಆದರೆ ಎಫ್.ಸಿ. ವರ್ಷದ ಒಂದು ದಿನದ ಮಾತು, ಉಳಿದ ದಿನಗಳಲ್ಲೂ ಷಾಕು ಸವೆಯುತ್ತಿರುತ್ತದೆ.

ವ್ಯಾನ್ ಓಡಿಸುವವರೂ ನಮ್ಮಂತೆ ಸಂಸಾರಸ್ಥರೇ. ತಿಂಗಳ ಬಾಡಿಗೆಯಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಿಸಲು ನಾವು ಅರ್ಧ ಗಂಟೆ ಚೌಕಾಸಿ ಮಾಡುತ್ತೇವೆ. ಪೆಟ್ರೋಲು ಹಾಕಿಸದಿದ್ದರೆ ವ್ಯಾನು ಓಡುವುದಿಲ್ಲ, ವಿಮೆ ಕಟ್ಟದಿದ್ದರೆ ಪೊಲೀಸರು ಬಿಡುವುದಿಲ್ಲ. ಆದ್ದರಿಂದ ಮುಂದೂಡಲು ಅವರಿಗೆ ಉಳಿಯುವುದು ಷಾಕು, ಟೈರುಗಳಂಥ ಬಾಯಿಲ್ಲದ ಭಾಗಗಳು. ಕಡಿಮೆ ಬಾಡಿಗೆಗೆ ಸರಿದೂಗಿಸಲು ಇನ್ನೆರಡು ಮಕ್ಕಳನ್ನು ಹತ್ತಿಸಿಕೊಳ್ಳುತ್ತಾರೆ. ಭಾರ ಹೆಚ್ಚುತ್ತದೆ, ಷಾಕು ಇನ್ನಷ್ಟು ಬೇಗ ಸವೆಯುತ್ತದೆ. ನಾವು ಉಳಿಸಿದ ಐವತ್ತು ರೂಪಾಯಿ ನಮ್ಮ ಮಕ್ಕಳ ಸೀಟಿನ ಅಡಿಯಲ್ಲಿಯೇ ಖರ್ಚಾಗುತ್ತಿರುತ್ತದೆ.

ಇದಕ್ಕೆ ದಾರಿಯೂ ಇದೆ. ಒಂದು ವ್ಯಾನಿನ ಪೋಷಕರೆಲ್ಲ ಶಾಲೆ ಶುರುವಾಗುವ ಮುನ್ನ, ಬೇಸಿಗೆ ರಜೆಯಲ್ಲಿ ಒಂದು ದಿನ ಚಾಲಕನೊಡನೆ ಕೂತು ಮಾತಾಡಲಿ. ವ್ಯಾನನ್ನು ಒಬ್ಬ ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಲಿ. ಷಾಕು ಬದಲಿಸಬೇಕೆಂದು ಅವನು ಹೇಳಿದರೆ ಆ ಖರ್ಚನ್ನು ಮನೆಗಳ ನಡುವೆ ಹಂಚಿಕೊಳ್ಳಲಿ. ಬದಲಿಗೆ ಸೀಟಿಗೆ ಮೀರಿ ಮಕ್ಕಳನ್ನು ಹತ್ತಿಸುವುದಿಲ್ಲವೆಂದು ಚಾಲಕನಿಂದ ಮಾತು ಪಡೆಯಲಿ. ಒಂದೊಂದು ಮನೆಯ ಪಾಲಿಗೆ ಬರುವ ಹಣ ದೊಡ್ಡದಾಗಿರಲಾರದು. ಹೊಸ ಜೋಡಿ ಷಾಕು ಹಾಕಿದ ಮೊದಲ ದಿನ ‘ಅಂಕಲ್, ವ್ಯಾನು ಇವತ್ತು ಕುಣಿಯಲೇ ಇಲ್ಲ’ ಎಂದು ಮಕ್ಕಳು ಒಂದಿಷ್ಟು ಬೇಸರಪಟ್ಟುಕೊಳ್ಳಬಹುದು. ಅವರಿಗೆ ಈ ಲೇಖನದ ಬೀಗದ ಪ್ರಯೋಗವನ್ನು ಮಾಡಿ ತೋರಿಸಿ.